ಓಡುವವರ ಆ ಒಂದು ಗಂಟೆ

ರಕ್ತಪರೀಕ್ಷೆಯ ವರದಿ ನೋಡಿ ವೈದ್ಯರು "ನಾಳೆಯಿಂದಲೇ ನಡೆಯಲು ಶುರುಮಾಡಿ" ಎಂದಾಗ ನಡುವಯಸ್ಸಿನ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದು ಜೋಡಿ ಹೊಸ ಶೂ ಕೊಳ್ಳುವುದು. ಎರಡನೆಯ ಕೆಲಸ, ನಾಳೆಯನ್ನು ನಾಡಿದ್ದಿಗೆ ಮುಂದೂಡುವುದು. ನಾವೂ ಅದನ್ನೇ ಮಾಡಿದೆವು. ಕಾಲೇಜು ದಿನಗಳಲ್ಲಿ ಮೈದಾನದಲ್ಲಿ ಬೆವರು ಹರಿಸಿದ ಮೈ ಇದೇ ಎಂದು ನಂಬಲಾಗದಷ್ಟು ಬದಲಾದ ದೇಹವನ್ನು ಮತ್ತೆ ದಾರಿಗೆ ತರುವುದು ಹೇಗೆಂದು ತಿಳಿಯದೆ, ನಡೆಯುವ ಬದಲು ನಡೆಯುವವರ ಬಗ್ಗೆ ಓದತೊಡಗಿದೆವು. ಹಾಗೆ ಕೈಗೆ ಬಂದ ಪುಸ್ತಕ ಜಪಾನಿನ ಕಾದಂಬರಿಕಾರ ಹರುಕಿ ಮುರಕಾಮಿ ತನ್ನ ಓಟದ ಬಗ್ಗೆ ಬರೆದ 'ವಾಟ್ ಐ ಟಾಕ್ ಅಬೌಟ್ ವೆನ್ ಐ ಟಾಕ್ ಅಬೌಟ್ ರನ್ನಿಂಗ್'. ಜಪಾನಿ ಭಾಷೆಯಲ್ಲಿ 2007ರಲ್ಲಿ ಪ್ರಕಟವಾದ ಇದು ಮರುವರ್ಷ ಫಿಲಿಪ್ ಗೇಬ್ರಿಯಲ್ ಅವರ ಅನುವಾದದಲ್ಲಿ ಇಂಗ್ಲಿಷಿಗೆ ಬಂತು. ಮ್ಯಾರಥಾನ್ ಓಡುವವರ ನಡುವೆ ಇಂದಿಗೂ ಕೈಯಿಂದ ಕೈಗೆ ದಾಟುತ್ತಿರುವ ಪುಸ್ತಕವಿದು.

ನಮ್ಮ ನಗರಗಳಿಗೂ ಈಗ ಮ್ಯಾರಥಾನ್ ಹೊಸತಲ್ಲ. ಮುಂಬಯಿಯ ಓಟ 2004ರಲ್ಲಿ ಆರಂಭವಾಯಿತು, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ 2008ರಲ್ಲಿ. ಅಂದಿನಿಂದ ಬೆಳಗಿನ ಜಾವ ಪಾರ್ಕುಗಳಲ್ಲಿ, ಕೆರೆ ದಂಡೆಗಳಲ್ಲಿ ಓಡುವವರ ಸಂಖ್ಯೆ ಹೆಚ್ಚುತ್ತಲೇ ಇದೆ. ಅದರೊಂದಿಗೆ 'ನಮ್ಮನ್ನು ನಾವು ನೋಡಿಕೊಳ್ಳಬೇಕು' ಎಂಬ ಮಾತೂ ಬೆಳೆದಿದೆ. ಆದ್ದರಿಂದ ಈ ಪುಸ್ತಕವನ್ನು ಕೇವಲ ಓಟದ ಪುಸ್ತಕವೆಂದು ಪಕ್ಕಕ್ಕಿಡದೆ, ದೇಹದ ಆರೈಕೆಯ ಬಗ್ಗೆ ನಮ್ಮ ಕಾಲದ ತಿಳುವಳಿಕೆ ಏನೆಂಬುದರ ಒಂದು ಮಾದರಿಯಾಗಿ ಓದಬೇಕೆಂದು ನಮಗನಿಸುತ್ತದೆ.

ಮುರಕಾಮಿ ಬಾಲ್ಯದಿಂದಲೂ ಕ್ರೀಡಾಪಟುವೇನಲ್ಲ. ಟೋಕಿಯೊದಲ್ಲಿ ಜಾಝ್ ಸಂಗೀತದ ಬಾರೊಂದನ್ನು ನಡೆಸುತ್ತಿದ್ದವರು. ಬರವಣಿಗೆಯನ್ನೇ ಕಸುಬಾಗಿಸಿಕೊಳ್ಳಲು ಆ ವ್ಯಾಪಾರ ಬಿಟ್ಟಾಗ ಇಡೀ ದಿನ ಮೇಜಿನ ಮುಂದೆ ಕೂರಬೇಕಾಯಿತು. ತೂಕ ಏರತೊಡಗಿತು. ದಿನಕ್ಕೆ 60 ಸಿಗರೇಟು ಸೇದುವ ಚಟ ಬೇರೆ. ಹೀಗಿದ್ದ ಮನುಷ್ಯ 1982ರ ಶರತ್ಕಾಲದಲ್ಲಿ, 33ನೆಯ ವಯಸ್ಸಿನಲ್ಲಿ ಓಡಲಾರಂಭಿಸಿದ. ಮರುವರ್ಷದ ಜುಲೈಯಲ್ಲಿ ಗ್ರೀಸಿಗೆ ಹೋಗಿ, ಅಥೆನ್ಸಿನಿಂದ ಮ್ಯಾರಥಾನ್ ಎಂಬ ಊರಿನವರೆಗೆ ಸುಡುಬಿಸಿಲಿನಲ್ಲಿ ಒಬ್ಬನೇ ಓಡಿದ. ದಾರಿಯ ಬದಿಯಲ್ಲಿ ಸತ್ತುಬಿದ್ದ ನಾಯಿ ಬೆಕ್ಕುಗಳನ್ನು ಎಣಿಸುತ್ತಾ ಓಡಿದ ಆ ಅಧ್ಯಾಯ ಪುಸ್ತಕದ ಅತ್ಯುತ್ತಮ ಭಾಗಗಳಲ್ಲೊಂದು. ವೀರಗಾಥೆಯೊಂದು ಹುಟ್ಟಿದ ಹಾದಿಯಲ್ಲಿ ಅವರಿಗೆ ಕಂಡದ್ದು ಧೂಳು, ಲಾರಿ ಮತ್ತು ಪ್ರಾಣಿಗಳ ಹೆಣ. ಅದನ್ನು ಬಣ್ಣ ಬಳಿಯದೆ ಹೇಳಿದ್ದಾರೆ.

ಆದರೆ ನಮ್ಮನ್ನು ಹೆಚ್ಚು ತಟ್ಟಿದ್ದು ಈ ಆರಂಭದ ಕಥೆಯಲ್ಲ, ಮರಳುವಿಕೆಯ ಕಥೆ. 1996ರ ಜೂನ್‌ನಲ್ಲಿ ಹೊಕ್ಕೈಡೊ ದ್ವೀಪದ ಸರೋಮಾ ಸರೋವರದ ಬಳಿ ಅವರು 100 ಕಿಲೋಮೀಟರ್ ಓಟದಲ್ಲಿ ಭಾಗವಹಿಸಿದರು. 11 ಗಂಟೆ 42 ನಿಮಿಷ ತಗುಲಿತು. ನಡುವೆ ಕಾಲು ಊದಿಕೊಂಡು ದೊಡ್ಡ ಅಳತೆಯ ಶೂ ಹಾಕಿಕೊಳ್ಳಬೇಕಾಯಿತು; ತಾನು ಮನುಷ್ಯನಲ್ಲ, ಯಂತ್ರ ಎಂದು ತನಗೆ ತಾನೇ ಹೇಳಿಕೊಂಡು ಮುಂದೆ ಸಾಗಬೇಕಾಯಿತು. ಓಟ ಮುಗಿಯಿತು, ಜೊತೆಗೆ ಓಟದ ಮೇಲಿನ ಆಸೆಯೂ ಬತ್ತಿಹೋಯಿತು. ಓಡುವುದನ್ನು ಪೂರ್ತಿ ಬಿಡಲಿಲ್ಲವಾದರೂ ಹಿಂದಿನ ಉತ್ಸಾಹ ಉಳಿಯಲಿಲ್ಲ. ದೇಹವನ್ನು ಯಂತ್ರವೆಂದು ಬಗೆದರೆ ಅದು ಒಂದು ದಿನದ ಮಟ್ಟಿಗೆ ಹೇಳಿದಂತೆ ಕೇಳುತ್ತದೆ, ಆಮೇಲೆ ಸೇಡು ತೀರಿಸಿಕೊಳ್ಳುತ್ತದೆ. ಪುಸ್ತಕ ಆರಂಭವಾಗುವುದು ಆ ಬೇಸರ ಕಳೆದು, 2005ರಲ್ಲಿ, 56ರ ವಯಸ್ಸಿನಲ್ಲಿ ಅವರು ನ್ಯೂಯಾರ್ಕ್ ಮ್ಯಾರಥಾನಿಗೆ ಮತ್ತೆ ಶ್ರದ್ಧೆಯಿಂದ ಸಿದ್ಧರಾಗುವ ಹಂತದಲ್ಲಿ. ಮೊದಲು ಹವಾಯಿಯ ದ್ವೀಪದಲ್ಲಿ, ಆಮೇಲೆ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ನಡೆಯುವ ಈ ತಯಾರಿಯೇ ಪುಸ್ತಕದ ಬೆನ್ನೆಲುಬು.

ಈ ತಯಾರಿಯಲ್ಲಿ ಪವಾಡಗಳಿಲ್ಲ. ವಾರಕ್ಕೆ ಆರು ದಿನ, ದಿನಕ್ಕೆ ಸುಮಾರು ಹತ್ತು ಕಿಲೋಮೀಟರ್. ಎಷ್ಟೇ ಕೆಲಸವಿದ್ದರೂ ಸತತ ಎರಡು ದಿನ ಬಿಡುವು ಕೊಡಬಾರದೆಂಬುದು ಅವರ ನಿಯಮ. ಸ್ನಾಯುಗಳನ್ನು ಅವರು ದುಡಿಯುವ ಜಾನುವಾರುಗಳಿಗೆ ಹೋಲಿಸುತ್ತಾರೆ: ಹೊರೆಯನ್ನು ಮೆಲ್ಲಮೆಲ್ಲನೆ ಏರಿಸಿದರೆ ಅವು ಕಲಿಯುತ್ತವೆ, ಕೆಲದಿನ ಸುಮ್ಮನೆ ಬಿಟ್ಟರೆ ಮರೆತುಬಿಡುತ್ತವೆ. ಎತ್ತು ಪಳಗಿಸಿದ ಯಾವ ರೈತನಿಗೂ ಇದು ಗೊತ್ತಿರುವ ಸತ್ಯವೇ. ಬಹುಕಾಲದ ನಂತರ ಓಟಕ್ಕೆ ಮರಳುವವರು ಎಡವುವುದೂ ಇಲ್ಲಿಯೇ. ಕೆಲವು ವಾರಗಳ ಅಭ್ಯಾಸದಲ್ಲಿ ಉಸಿರು ಹದಕ್ಕೆ ಬರುತ್ತದೆ, ಎದೆ ಧೈರ್ಯ ಕೊಡುತ್ತದೆ. ಆದರೆ ಎಲುಬು ಮತ್ತು ಸ್ನಾಯುರಜ್ಜುಗಳು ಹೊಸ ಹೊರೆಗೆ ಒಗ್ಗಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಉಸಿರಿನ ಮಾತು ನಂಬಿ ದೂರ ಹೆಚ್ಚಿಸಿದವರು ಮೊಣಕಾಲು, ಹಿಮ್ಮಡಿ ಹಿಡಿದುಕೊಂಡು ಮನೆಯಲ್ಲಿ ಕೂರುತ್ತಾರೆ. ಹಳೆಯ ನೆನಪು ಬಲವಾಗಿದ್ದವರಿಗಂತೂ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅವರು ಈಗಿರುವ ದೇಹವನ್ನು ಬಿಟ್ಟು ಇಪ್ಪತ್ತು ವರ್ಷ ಹಿಂದಿನ ದೇಹದೊಂದಿಗೆ ಓಡಲು ಹೊರಡುತ್ತಾರೆ.

ಮುರಕಾಮಿ ಈ ತಪ್ಪು ಮಾಡುವುದಿಲ್ಲ. ವಯಸ್ಸಾಗುತ್ತಿದೆ, ಎಷ್ಟು ಅಭ್ಯಾಸ ಮಾಡಿದರೂ ಹಿಂದಿನ ವೇಗ ಬರುತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಅಷ್ಟೆಲ್ಲಾ ತಯಾರಿಯ ನಂತರವೂ ನ್ಯೂಯಾರ್ಕಿನ ಓಟ ಅಂದುಕೊಂಡಂತೆ ಆಗಲಿಲ್ಲ. ಸಾಮಾನ್ಯ ಸ್ಫೂರ್ತಿಪುಸ್ತಕವಾಗಿದ್ದರೆ ಇಲ್ಲೊಂದು ವಿಜಯ ಇರುತ್ತಿತ್ತು. ಇಲ್ಲಿ ನಿರಾಸೆ ಇದೆ, ಅದರ ಮರುದಿನ ಮತ್ತೆ ಶೂ ಕಟ್ಟಿಕೊಳ್ಳುವುದಿದೆ. ಎಲ್ಲರೂ ಓಡಲೇಬೇಕೆಂದು ಅವರು ಉಪದೇಶಿಸುವುದೂ ಇಲ್ಲ. ಶಾಲೆಯಲ್ಲಿ ಬಲವಂತದ ವ್ಯಾಯಾಮವನ್ನು ದ್ವೇಷಿಸಿದ್ದವರು ಅವರು. ಈ ಪ್ರಾಮಾಣಿಕತೆಗಾಗಿ ಪುಸ್ತಕ ನಮಗೆ ಪ್ರಿಯವಾಯಿತು. ಇದನ್ನು ಮುಗಿಸಿದ ವಾರವೇ ನಾವು ಬೆಳಿಗ್ಗೆ ಐದೂವರೆಗೆ ಎದ್ದು ಹೊರಟೆವು ಎಂಬುದನ್ನೂ ಹೇಳಬೇಕು.

ನಮ್ಮ ತಕರಾರು ಶುರುವಾದದ್ದು ಹಾಗೆ ಹೊರಟ ಮೇಲೆಯೇ. ಮೂರು ತಿಂಗಳು ತಪ್ಪದೆ ನಡೆದು, ನಿಧಾನವಾಗಿ ಓಡಿ, ಸಕ್ಕರೆಯ ಮಟ್ಟ ಇಳಿದದ್ದನ್ನು ಹೆಮ್ಮೆಯಿಂದ ಮನೆಯಲ್ಲಿ ಹೇಳಿಕೊಂಡಾಗ ಮನೆಯಾಕೆ ನಕ್ಕು, "ನೀವು ಹೋದಾಗ ಹಾಲು ಕಾಯಿಸುವವರು ಒಬ್ಬರು ಇದ್ದಾರಲ್ಲ, ಅವರ ಸಕ್ಕರೆ ಎಷ್ಟಿದೆ ಅಂತ ನೋಡಿದವರು ಯಾರು?" ಎಂದು ಕೇಳಿದರು. ಉತ್ತರವಿರಲಿಲ್ಲ. ಅಂದು ರಾತ್ರಿ ಪುಸ್ತಕವನ್ನು ಮತ್ತೊಮ್ಮೆ ತೆರೆದು, ಅಲ್ಲಿ ಆ ಪ್ರಶ್ನೆಗೆ ಉತ್ತರ ಇದೆಯೇ ಎಂದು ಹುಡುಕಿದೆವು.

ಇರಲಿಲ್ಲ. ಮುರಕಾಮಿಯವರ ದಿನಚರಿ ಸರಳ: ಬೆಳಿಗ್ಗೆ ಐದಕ್ಕೆ ಏಳುವುದು, ಬರೆಯುವುದು, ಓಡುವುದು, ಹತ್ತಕ್ಕೆ ಮೊದಲು ಮಲಗುವುದು. ಅವರು ದಂಪತಿಗೆ ಮಕ್ಕಳಿಲ್ಲ. ಪತ್ನಿ ಪುಸ್ತಕದಲ್ಲಿ ಅಲ್ಲಲ್ಲಿ ಬಂದುಹೋಗುತ್ತಾರೆ. ಎಷ್ಟು ತಿಂದರೂ ಆಕೆ ದಪ್ಪಗಾಗುವುದಿಲ್ಲ, ತನಗಾದರೋ ದಿನವೂ ವ್ಯಾಯಾಮ ಬೇಕು ಎಂದು ಒಂದೆಡೆ ಬರೆಯುತ್ತಾರೆ. ತನಗೆ ಒಂಟಿತನ ಇಷ್ಟ, ಗುಂಪಿನ ಆಟ ಒಗ್ಗುವುದಿಲ್ಲ ಎನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಓಡಲು ಬೇಕಾದ ಸಮಯ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಈ ಪುಸ್ತಕ ಕೊಡುವ ಉತ್ತರ ಇಚ್ಛಾಶಕ್ತಿ ಮತ್ತು ಶಿಸ್ತು ಮಾತ್ರ. ಮನಸ್ಸು ಮಾಡಿದರೆ ಸಮಯ ಸಿಗುತ್ತದೆ ಎಂಬ ಭಾವನೆಯನ್ನು ಅದು ಓದುಗನಲ್ಲಿ ಬಿಟ್ಟುಹೋಗುತ್ತದೆ. ನಮ್ಮ ಮನೆಗಳಲ್ಲಿ ಸಮಯ ಹಾಗೆ ಸಿಗುವುದಿಲ್ಲ. ಒಬ್ಬರಿಗೆ ಸಿಕ್ಕ ಒಂದು ಗಂಟೆ ಬಹಳಷ್ಟು ಸಲ ಇನ್ನೊಬ್ಬರು ಬಿಟ್ಟುಕೊಟ್ಟ ಒಂದು ಗಂಟೆಯಾಗಿರುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಭಾರತದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಪುರುಷರು 97 ನಿಮಿಷ. ನಡುವಿನ ಅಂತರ ಮೂರು ಗಂಟೆಗೂ ಹೆಚ್ಚು. ಅಷ್ಟು ಹೊತ್ತಿನಲ್ಲಿ ಒಂದು ಮ್ಯಾರಥಾನಿನ ಬಹುಭಾಗವನ್ನು ಓಡಿ ಮುಗಿಸಬಹುದು.

ಇಲ್ಲಿ ಇನ್ನೊಬ್ಬ ಓಟಗಾರರನ್ನು ನೆನಪಿಸಿಕೊಳ್ಳಬೇಕು. ಜಲಂಧರ ಬಳಿಯ ಬಿಯಾಸ್ ಪಿಂಡ್ ಎಂಬ ಹಳ್ಳಿಯ ರೈತ ಫೌಜಾ ಸಿಂಗ್. ಓದುಬರಹ ಬಾರದವರು. ಪತ್ನಿ ತೀರಿಕೊಂಡ ಮೇಲೆ, 1994ರಲ್ಲಿ ಮಗನೊಬ್ಬನನ್ನೂ ಕಳೆದುಕೊಂಡರು. ಲಂಡನ್ನಿನ ಮಗನ ಮನೆ ಸೇರಿ, ಆ ದುಃಖದಿಂದ ಹೊರಬರಲು ಓಟ ಹಿಡಿದರು. 2000ದ ಲಂಡನ್ ಮ್ಯಾರಥಾನ್ ಓಡಿದಾಗ ಅವರು ಹೇಳಿಕೊಂಡ ವಯಸ್ಸು 89. 2011ರಲ್ಲಿ ಟೊರೊಂಟೊ ಮ್ಯಾರಥಾನನ್ನು ಎಂಟು ಗಂಟೆಗೂ ಹೆಚ್ಚು ಕಾಲ ಓಡಿ ಮುಗಿಸಿದಾಗ ನೂರು. ಜನನ ಪ್ರಮಾಣಪತ್ರ ಇಲ್ಲದ ಕಾರಣ ಗಿನ್ನೆಸ್ ಸಂಸ್ಥೆ ಆ ದಾಖಲೆಯನ್ನು ಒಪ್ಪಲಿಲ್ಲ. 2025ರ ಜುಲೈಯಲ್ಲಿ ತನ್ನೂರಿನ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡರು. ಅವರ ಬಗ್ಗೆ ಸಿಮ್ರನ್ ಜೀತ್ ಸಿಂಗ್ ಬರೆದ 'ಫೌಜಾ ಸಿಂಗ್ ಕೀಪ್ಸ್ ಗೋಯಿಂಗ್' ಎಂಬ ಮಕ್ಕಳ ಪುಸ್ತಕ 2020ರಲ್ಲಿ ಬಂತು. ಶೀರ್ಷಿಕೆ ಎತ್ತಿಹಿಡಿಯುವುದು ಬಿಡದೆ ಮುನ್ನಡೆಯುವ ಛಲವನ್ನು. ಆದರೆ ಅವರ ಬದುಕಿನಲ್ಲಿ ಛಲದಷ್ಟೇ ಮುಖ್ಯವಾಗಿ ಕಾಣುವುದು ಸುತ್ತಲಿನ ಜನ. ತಂದೆಗೆ ಆಶ್ರಯವಿತ್ತ ಮಗನ ಸಂಸಾರ, ತರಬೇತಿ ಕೊಟ್ಟ ಹರ್ಮಂದರ್ ಸಿಂಗ್, ಜೊತೆಯಲ್ಲಿ ಓಡಿದ ಸಿಖ್ ಗೆಳೆಯರ ಕೂಟ. ಒಬ್ಬ ಮುದುಕ ಮತ್ತೆ ಬದುಕಿಗೆ ಮರಳಬೇಕಾದರೆ ಅಷ್ಟು ಜನ ಬೇಕಾಯಿತು. ಆರೈಕೆ ಎಂಬ ಪದಕ್ಕೆ 'ಸ್ವಂತ' ಎಂಬ ವಿಶೇಷಣ ಸೇರಿಸುವಾಗ ನಾವು ಇದನ್ನು ಮರೆಯುತ್ತೇವೆ.

ಮುರಕಾಮಿಯವರ ಪುಸ್ತಕದಲ್ಲಿ ಇನ್ನೊಂದು ಸುಂದರ ದೃಶ್ಯವಿದೆ. ಕೇಂಬ್ರಿಜ್‌ನ ಚಾರ್ಲ್ಸ್ ನದಿಯ ದಂಡೆಯಲ್ಲಿ ಅವರು ಓಡುತ್ತಿರುವಾಗ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿನಿಯರು ಜುಟ್ಟು ಹಾರಿಸುತ್ತಾ ಸಲೀಸಾಗಿ ಹಿಂದಿಕ್ಕಿ ಹೋಗುತ್ತಾರೆ. ಇವರಿಗೆ ಅಸೂಯೆಯಿಲ್ಲ, ಒಂದು ತಲೆಮಾರು ಇನ್ನೊಂದಕ್ಕೆ ಜಾಗ ಬಿಡುವುದನ್ನು ನೋಡಿದ ನೆಮ್ಮದಿ. ಓದಲು ಹಿತವಾಗಿದೆ. ಆದರೆ ನದಿಯ ಆಚೆಗಿರುವುದು ಬಾಸ್ಟನ್ ನಗರ. ಅಲ್ಲಿನ ಮ್ಯಾರಥಾನ್ ಆರಂಭವಾದದ್ದು 1897ರಲ್ಲಿ, ಮಹಿಳೆಯರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. 1967ರಲ್ಲಿ ಕ್ಯಾಥರಿನ್ ಸ್ವಿಟ್ಜರ್ ಅಲ್ಲಿ ಸಂಖ್ಯೆ ಧರಿಸಿ ಓಡಿದಾಗ ಓಟದ ಅಧಿಕಾರಿಯೊಬ್ಬ ನಡುರಸ್ತೆಯಲ್ಲಿ ಆಕೆಯ ಸಂಖ್ಯೆಪಟ್ಟಿಯನ್ನು ಕಿತ್ತುಕೊಳ್ಳಲು ಯತ್ನಿಸಿದ. ಒಲಿಂಪಿಕ್ಸಿನಲ್ಲಿ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ, ಮುರಕಾಮಿ ಓಡಲು ಶುರುಮಾಡಿ ಎರಡು ವರ್ಷವಾದ ಮೇಲೆ. ಆ ಹುಡುಗಿಯರ ಹಗುರ ಹೆಜ್ಜೆಯ ಹಿಂದೆ ಇಷ್ಟು ಜಗಳ ಇದೆ. ಲೇಖಕರ ಕಣ್ಣಿಗೆ ಜುಟ್ಟು ಕಂಡಿತು, ಜಗಳ ಕಾಣಲಿಲ್ಲ.

ನಮ್ಮ ಭಾಷೆಯಲ್ಲಿ ದೇಹದ ಬಗೆಗಿನ ನುಡಿಗಟ್ಟುಗಳನ್ನು ಗಮನಿಸಿ. ಮೈಮುರಿದು ದುಡಿಯುವುದು, ಮೈಬಗ್ಗಿಸುವುದು, ದುಡಿಯದಿದ್ದರೆ ಮೈಗಳ್ಳತನ. ಮೈ ಎಂದರೆ ದುಡಿಯಲಿಕ್ಕೆ ಇರುವುದು ಎಂಬ ತಿಳುವಳಿಕೆ ಈ ಮಾತುಗಳಲ್ಲಿದೆ. ಹೆಣ್ಣಿನ ಮೈಯನ್ನು ನಮ್ಮ ಸಮಾಜ ಮನಸ್ಸಿಟ್ಟು ಆರೈಕೆ ಮಾಡುವ ಒಂದು ಸಂದರ್ಭವಿದೆ, ಅದು ಬಾಣಂತನ. ಎಣ್ಣೆ, ಬಿಸಿನೀರು, ಪಥ್ಯದ ಊಟ, ಮಲಗಲು ಬಿಡುವು. ಜಾತಿ ಮತಗಳ ಭೇದವಿಲ್ಲದೆ ಈ ನಾಡಿನ ಮನೆಗಳಲ್ಲಿ ನಡೆದುಕೊಂಡು ಬಂದ ಪದ್ಧತಿ ಇದು. ಆಗ ಆರೈಕೆ ಪಡೆಯುವುದು ಸ್ವಾರ್ಥವೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ಇಡೀ ಮನೆ ಅದರಲ್ಲಿ ಪಾಲುಗೊಂಡಿರುತ್ತದೆ. ಆ ದಿನಗಳು ಮುಗಿದ ಮೇಲೆ ಅದೇ ಹೆಂಗಸು ಅರ್ಧ ಗಂಟೆ ನಡೆದು ಬರುತ್ತೇನೆಂದರೆ "ಮನೆಯಲ್ಲಿ ಓಡಾಡುವುದೇ ವ್ಯಾಯಾಮವಲ್ಲವೇ?" ಎಂಬ ಉತ್ತರ ಬರುತ್ತದೆ. ಹೊರಟರೂ ಬೀದಿಯ ಕಣ್ಣುಗಳಿಗೆ ಅಂಜಿ ತಾರಸಿಯ ಮೇಲೆ ಸುತ್ತು ಹಾಕುವವರು ಎಷ್ಟೋ ಮಂದಿ.

ಒಬ್ಬ ಜಪಾನಿ ಲೇಖಕನ ಆತ್ಮಕಥನದಿಂದ ನಮ್ಮ ಅಡುಗೆಮನೆಯ ಲೆಕ್ಕ ಕೇಳುವುದು ಅನ್ಯಾಯವಲ್ಲವೇ ಎಂದು ಓದುಗರು ಕೇಳಬಹುದು. ಅವರು ಬರೆಯಹೊರಟದ್ದು ತನ್ನ ಓಟ ಮತ್ತು ತನ್ನ ಬರವಣಿಗೆಯ ನಂಟನ್ನು. ಅದನ್ನು ಚೆನ್ನಾಗಿಯೇ ಬರೆದಿದ್ದಾರೆ. ಕಾದಂಬರಿ ಬರೆಯುವುದಕ್ಕೆ ಬೇಕಾದ ತಾಳ್ಮೆಯನ್ನು ರಸ್ತೆಯಲ್ಲಿ ಕಲಿತೆನೆಂಬ ಅವರ ಮಾತನ್ನು ನಾವು ನಂಬುತ್ತೇವೆ. ಆದರೆ ಪುಸ್ತಕವೊಂದು ಲಕ್ಷಾಂತರ ಜನರಿಗೆ ಬದುಕಿನ ಮಾದರಿಯಾದಾಗ ಅದು ಹೇಳದೆ ಬಿಟ್ಟದ್ದೂ ಪಾಠವಾಗಿಬಿಡುತ್ತದೆ. ದೇಹ ಸರಿಯಿಲ್ಲದವರೆಲ್ಲ ಶಿಸ್ತಿಲ್ಲದವರು ಎಂಬ ತೀರ್ಮಾನಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎರಡು ಪಾಳಿ ದುಡಿಯುವ ಗಾರ್ಮೆಂಟ್ಸ್ ಕಾರ್ಮಿಕಳಿಗೆ, ರಾತ್ರಿ ಹನ್ನೊಂದಕ್ಕೆ ಅಂಗಡಿ ಬಾಗಿಲು ಹಾಕುವ ಸಣ್ಣ ವ್ಯಾಪಾರಿಗೆ ಕಡಿಮೆ ಇರುವುದು ಶಿಸ್ತಲ್ಲ.

ಆದ್ದರಿಂದ ಈ ಪುಸ್ತಕವನ್ನು ಓದಿ ಎಂದೇ ನಾವು ಹೇಳುತ್ತೇವೆ. ಮೆಲ್ಲಗೆ ಆರಂಭಿಸುವುದನ್ನು, ಸೋತ ಮೇಲೂ ಮರಳುವುದನ್ನು, ವಯಸ್ಸನ್ನು ಒಪ್ಪಿಕೊಳ್ಳುವುದನ್ನು ಅದು ಕಲಿಸುತ್ತದೆ. ಓದಿದ ಮೇಲೆ ಪಕ್ಕದಲ್ಲಿರುವವರನ್ನು ಒಂದು ಮಾತು ಕೇಳುವುದನ್ನು ಮಾತ್ರ ನಾವೇ ಕಲಿಯಬೇಕು. ನಮ್ಮ ಮನೆಯಲ್ಲಿ ಈಗ ವಾರದಲ್ಲಿ ಮೂರು ಬೆಳಗು ನಮ್ಮದು, ಮೂರು ಬೆಳಗು ಆಕೆಯದು. ಆಕೆಯ ದಿನಗಳಲ್ಲಿ ಹಾಲು ಕಾಯಿಸುವುದು, ಮಕ್ಕಳ ಬುತ್ತಿ ಕಟ್ಟುವುದು ನಮ್ಮ ಪಾಲು. ಮೊದಲ ವಾರ ಎರಡು ಸಲ ಹಾಲು ಉಕ್ಕಿತು. ನಮ್ಮ ಓಟದ ದೂರ ಕಡಿಮೆಯಾಗಿದೆ, ಮ್ಯಾರಥಾನಿನ ಆಸೆ ಇನ್ನೊಂದು ವರ್ಷ ಮುಂದೆ ಹೋಗಿದೆ. ಕಳೆದ ತಿಂಗಳು ಇಬ್ಬರೂ ಒಟ್ಟಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದೆವು. ಆಕೆಯ ಹೆಸರಿನಲ್ಲಿ ಅಂತಹ ಚೀಟಿಯೊಂದು ಮನೆಗೆ ಬಂದದ್ದು ಕಿರಿಯ ಮಗು ಹುಟ್ಟಿದ ಮೇಲೆ ಅದೇ ಮೊದಲು.