ಶೇಕಡಾ 99ರ ಹಿಂದೆ ಎಷ್ಟು ಹೃದಯಗಳಿವೆ?

ಹೃದಯದ ಬಡಿತವನ್ನೂ ಮಿದುಳಿನ ಅಲೆಗಳನ್ನೂ ಗಣಕಕ್ಕೆ ಓದಿಸಿ ರೋಗ ಪತ್ತೆ ಮಾಡುವ ಸಂಶೋಧನೆಗೆ ಈಗ ಬಹಳ ಬೇಡಿಕೆ. ಯಾವುದೇ ಇಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಅಂತಿಮ ವರ್ಷದ ಪ್ರಾಜೆಕ್ಟ್ ವರದಿಗಳನ್ನು ತೆರೆದು ನೋಡಿ. ‘ಇಸಿಜಿಯಿಂದ ಹೃದ್ರೋಗ ಪತ್ತೆ’, ‘ಇಇಜಿಯಿಂದ ಮೂರ್ಛೆರೋಗ ಪತ್ತೆ’ ಎಂಬ ಶೀರ್ಷಿಕೆಗಳು ಸಿಕ್ಕೇ ಸಿಗುತ್ತವೆ. ಕೊನೆಯ ಅಧ್ಯಾಯದಲ್ಲಿ ಒಂದು ಅಂಕಿ ಇರುತ್ತದೆ: ನಿಖರತೆ ಶೇ. 98, ಶೇ. 99, ಕೆಲವೊಮ್ಮೆ ಪೂರ್ತಿ ನೂರು. ಈ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಇದು ಬರೀ ಅಂಕಪಟ್ಟಿಯ ಪ್ರಶ್ನೆಯಲ್ಲ. ಗದಗ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಮುಂಡರಗಿಯಿಂದಾಗಲಿ ಲಕ್ಷ್ಮೇಶ್ವರದಿಂದಾಗಲಿ ಗದಗ-ಬೆಟಗೇರಿಗೆ ಸುಮಾರು 40 ಕಿ.ಮೀ. ದಾರಿ. ಅಲ್ಲಿಂದ ಹುಬ್ಬಳ್ಳಿಗೆ ಇನ್ನೂ 60 ಕಿ.ಮೀ.ಗೆ ತುಸು ಕಡಿಮೆ. ಶಿರಹಟ್ಟಿ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿ ಎದೆನೋವು ಕಾಣಿಸಿಕೊಂಡವನಿಗೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ತೆಗೆದ ಒಂದು ಇಸಿಜಿ ಪಟ್ಟಿಯೇ ಮುಂದಿನ ದಾರಿ ತೋರಿಸಬೇಕು. ಅದನ್ನು ಸರಿಯಾಗಿ ಓದುವ ಯಂತ್ರ ಇದ್ದರೆ ಜೀವ ಉಳಿಯುತ್ತದೆ. ತಪ್ಪಾಗಿ ಓದಿ ‘ಏನೂ ಇಲ್ಲ’ ಎಂದರೆ ಆತ ಮನೆಗೆ ಮರಳುತ್ತಾನೆ.

ಮೊದಲು ಸಂಕೇತದ ಪರಿಚಯ. ಎದೆಯ ಚರ್ಮದ ಮೇಲೆ ಹೃದಯದ ವಿದ್ಯುತ್ ಸಂಕೇತ ಸುಮಾರು 1 ಮಿಲಿವೋಲ್ಟ್ ಇರುತ್ತದೆ. ನೆತ್ತಿಯ ಮೇಲೆ ಸಿಗುವ ಮಿದುಳಿನ ಸಂಕೇತ ಅದರ ಹತ್ತನೆಯ ಒಂದು ಪಾಲು ಅಥವಾ ಇನ್ನೂ ಕಡಿಮೆ, ಅಂದರೆ 10ರಿಂದ 100 ಮೈಕ್ರೋವೋಲ್ಟ್. ಮೊದಲನೆಯದನ್ನು ಚೆನ್ನಾಗಿ ದಾಖಲಿಸಿದ ಐಂಥೋವನ್‌ಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದೇ ವರ್ಷ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ. ಪ್ರಕಟಿಸಲು ಮಾತ್ರ 1929ರವರೆಗೆ ಕಾದ. ಐದು ವರ್ಷ ತನ್ನ ಫಲಿತಾಂಶವನ್ನೇ ಅನುಮಾನಿಸಿದ ಆ ಮನುಷ್ಯನನ್ನು ನಮ್ಮ ಪ್ರಾಜೆಕ್ಟ್ ತಂಡಗಳಿಗೆ ಪರಿಚಯಿಸಬೇಕು.

ಈಗ ಶೇ. 99ಕ್ಕೆ ಬರೋಣ. ಹೃದಯ ಬಡಿತದ ಲಯದೋಷವನ್ನು ಕುರಿತ ಹೆಚ್ಚಿನ ಪ್ರಾಜೆಕ್ಟ್‌ಗಳೂ ಪ್ರಬಂಧಗಳೂ ಬಳಸುವುದು ಎಂಐಟಿ-ಬಿಐಎಚ್ ಎಂಬ ದತ್ತಾಂಶ ಸಂಗ್ರಹವನ್ನು. ಅಮೆರಿಕದ ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 1975ರಿಂದ 1979ರ ನಡುವೆ ತಯಾರಾಗಿ 1980ರಲ್ಲಿ ಹೊರಬಂದದ್ದು ಇದು. ಅದರಲ್ಲಿರುವುದು ಅರ್ಧರ್ಧ ಗಂಟೆಯ 48 ದಾಖಲೆಗಳು, 47 ಜನರವು. ತಜ್ಞರು ಒಂದೊಂದೇ ಬಡಿತವನ್ನು ನೋಡಿ ಗುರುತು ಹಾಕಿದ್ದಾರೆ, ಒಟ್ಟು ಸುಮಾರು 1,10,000 ಬಡಿತಗಳು. ತಯಾರಿಸಿದವರ ಶ್ರಮ ದೊಡ್ಡದು, ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟ ಔದಾರ್ಯವೂ ದೊಡ್ಡದು. ತೊಂದರೆ ಇರುವುದು ನಾವು ಅದನ್ನು ಬಳಸುವ ರೀತಿಯಲ್ಲಿ.

ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದು ಲಕ್ಷ ಬಡಿತಗಳನ್ನೂ ಒಂದೇ ರಾಶಿ ಹಾಕಿ, ಕಲಸಿ, ಶೇ. 80ನ್ನು ಗಣಕಕ್ಕೆ ಕಲಿಸಲು, ಶೇ. 20ನ್ನು ಪರೀಕ್ಷಿಸಲು ಇಟ್ಟುಕೊಳ್ಳುತ್ತಾರೆ. ನೋಡಲು ನ್ಯಾಯವಾಗಿಯೇ ಇದೆ. ಆದರೆ ಒಬ್ಬೊಬ್ಬರ ದಾಖಲೆಯಲ್ಲಿ ಸರಾಸರಿ ಎರಡು ಸಾವಿರಕ್ಕೂ ಹೆಚ್ಚು ಬಡಿತಗಳಿವೆ, ಒಬ್ಬನದೇ ಬಡಿತಗಳು ಒಂದನ್ನೊಂದು ಬಹುಪಾಲು ಹೋಲುತ್ತವೆ. ಹೀಗೆ ಕಲಸಿದಾಗ ಪ್ರತಿಯೊಬ್ಬ ರೋಗಿಯೂ ಕಲಿಕೆಯ ರಾಶಿಯಲ್ಲಿ ಇರುತ್ತಾನೆ, ಪರೀಕ್ಷೆಯ ರಾಶಿಯಲ್ಲೂ ಇರುತ್ತಾನೆ. ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ ಲೆಕ್ಕಗಳನ್ನೇ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟು, ತರಗತಿಗೆ ನೂರಕ್ಕೆ 99 ಬಂತು ಎಂದು ಹಿಗ್ಗಿದಂತೆ. ಗಣಕ ರೋಗವನ್ನು ಗುರುತಿಸಿತೋ, ಆ 47 ಜನರನ್ನು ಗುರುತಿಸಿತೋ ಹೇಳುವುದು ಹೇಗೆ?

ಇದು ಹೊಸ ಆಕ್ಷೇಪಣೆಯೂ ಅಲ್ಲ. 2004ರಲ್ಲಿ ಡಬ್ಲಿನ್ನಿನ ಫಿಲಿಪ್ ಡಿ ಶಜಾಲ್ ಮತ್ತು ಸಂಗಡಿಗರು ಇದೇ ಸಂಗ್ರಹದಿಂದ ಪೇಸ್‌ಮೇಕರ್ ಇದ್ದ ನಾಲ್ಕು ದಾಖಲೆಗಳನ್ನು ಬಿಟ್ಟು, ಉಳಿದ 44ನ್ನು 22-22 ಆಗಿ ಒಡೆದರು. ಒಂದು ಗುಂಪಿನಿಂದ ಕಲಿಕೆ, ಮತ್ತೊಂದರ ಮೇಲೆ ಪರೀಕ್ಷೆ. ಹೃದಯದ ಮೇಲಿನ ಕೋಣೆಗಳ ಕಡೆಯಿಂದ ಹುಟ್ಟುವ ಅಕಾಲ ಬಡಿತಗಳ ಪೈಕಿ ಅವರ ವಿಧಾನ ಹಿಡಿದದ್ದು ಶೇ. 75.9. ‘ಇದು ಅಕಾಲ ಬಡಿತ’ ಎಂದು ಅದು ಬೆರಳು ತೋರಿಸಿದವುಗಳಲ್ಲಿ ನಿಜವಾದವು ಶೇ. 38.5 ಮಾತ್ರ. ಕೆಳಕೋಣೆಗಳ ಅಕಾಲ ಬಡಿತಗಳಲ್ಲಿ ಫಲಿತಾಂಶ ಇದಕ್ಕಿಂತ ಉತ್ತಮ: ಶೇ. 77.7 ಮತ್ತು ಶೇ. 81.9. ನನ್ನ ದೃಷ್ಟಿಯಲ್ಲಿ ಈ ‘ಕಡಿಮೆ’ ಅಂಕಗಳು ಆ ಶೇ. 99ಕ್ಕಿಂತ ಎಷ್ಟೋ ಪಾಲು ಬೆಲೆಯುಳ್ಳವು. ಹೊಸ ರೋಗಿ ಎದುರಿಗೆ ಕೂತಾಗ ಏನಾಗುತ್ತದೆ ಎಂಬುದನ್ನು ಅವು ಹೇಳುತ್ತವೆ. ಆ ಬಳಿಕ ವಿಧಾನಗಳು ಸುಧಾರಿಸಿವೆ, ನಿಜ. ಆದರೆ ಸುಧಾರಣೆಯನ್ನು ಅಳೆಯಬೇಕಾದದ್ದು ಈ ಕೋಲಿನಿಂದಲೇ.

ಇನ್ನೊಂದು ಮಾತು. ಆ 44 ದಾಖಲೆಗಳ ಸುಮಾರು ಒಂದು ಲಕ್ಷ ಬಡಿತಗಳಲ್ಲಿ 90,000ದಷ್ಟು ‘ಸಾಮಾನ್ಯ’ ಗುಂಪಿಗೆ ಸೇರುತ್ತವೆ. ಏನನ್ನೂ ನೋಡದೆ ಎಲ್ಲಕ್ಕೂ ‘ಸಾಮಾನ್ಯ’ ಎಂದು ಮುದ್ರೆ ಒತ್ತುವ ಯಂತ್ರಕ್ಕೂ ಸುಮಾರು ಶೇ. 90 ನಿಖರತೆ ಸಿಗುತ್ತದೆ! ಆದ್ದರಿಂದ ‘ನಿಖರತೆ’ ಎಂಬ ಒಂಟಿ ಅಂಕಿಯನ್ನು ಕಂಡಾಗ ಎರಡು ಪ್ರಶ್ನೆ ಕೇಳಿ: ರೋಗ ಇದ್ದವರಲ್ಲಿ ಎಷ್ಟು ಮಂದಿಯನ್ನು ಹಿಡಿಯಿತು? ಹಿಡಿದವರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ರೋಗವಿತ್ತು? ಎರಡನೆಯದು ಊರಿನಿಂದ ಊರಿಗೆ ಬದಲಾಗುತ್ತದೆ. ಮುಂಡರಗಿಯ ಶಿಬಿರವೊಂದಕ್ಕೆ 2,000 ಜನ ಬಂದರು, ಅವರಲ್ಲಿ 20 ಮಂದಿಗೆ ರೋಗವಿದೆ ಎಂದಿಟ್ಟುಕೊಳ್ಳಿ. ಯಂತ್ರ ರೋಗಿಗಳಲ್ಲಿ ಶೇ. 95ನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಶೇ. 95ನ್ನು ಸರಿಯಾಗಿ ಬಿಟ್ಟುಕೊಡುತ್ತದೆ. ಲೆಕ್ಕ ಮಾಡಿ: ರೋಗಿಗಳಲ್ಲಿ 19 ಮಂದಿ ಸಿಕ್ಕರು. ಆರೋಗ್ಯವಂತ 1,980 ಜನರಲ್ಲಿ 99 ಮಂದಿಯೂ ಸಿಕ್ಕಿಬಿದ್ದರು. ಗದಗಿಗೆ ಕಳುಹಿಸಿದ 118 ಮಂದಿಯಲ್ಲಿ ನಿಜವಾದ ರೋಗಿಗಳು 19. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಮನೆಯವರ ಹೆದರಿಕೆ ಇವೆಲ್ಲ ಪ್ರಾಜೆಕ್ಟ್ ವರದಿಯಲ್ಲಿ ಕಾಣುವುದಿಲ್ಲ.

ಬಾಸ್ಟನ್ನಿನ ದಾಖಲೆಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅಮೆರಿಕದ ವಿದ್ಯುತ್ ಸರಬರಾಜು 60 ಹರ್ಟ್ಸ್. ಆ ಗುಂಯ್‌ಗುಡುವ ಗದ್ದಲವನ್ನು ಸುಲಭವಾಗಿ ಸೋಸಲೆಂದೇ ಸೆಕೆಂಡಿಗೆ 360 ಮಾದರಿಗಳ ದರವನ್ನು ಆರಿಸಿದ್ದರು. ನಮ್ಮದು 50 ಹರ್ಟ್ಸ್. ಅಲ್ಲಿನ ಸೋಸುವಿಕೆಯನ್ನು ಹಾಗೆಯೇ ನಕಲು ಮಾಡಿದ ಪ್ರೋಗ್ರಾಂ ಬೆಟಗೇರಿಯಲ್ಲಿ ತೆಗೆದ ಇಸಿಜಿಯ ಗದ್ದಲವನ್ನು ಮುಟ್ಟುವುದೇ ಇಲ್ಲ.

ಮಿದುಳಿನ ಕಡೆಗೆ ಬಂದರೆ ಕತೆ ಇನ್ನೂ ವಿಚಿತ್ರ. ಮೂರ್ಛೆರೋಗ ಪತ್ತೆಯ ಅಸಂಖ್ಯ ಪ್ರಬಂಧಗಳು ಜರ್ಮನಿಯ ಬಾನ್ ನಗರದಿಂದ 2001ರಲ್ಲಿ ಬಂದ ಸಂಗ್ರಹವನ್ನು ಆಧರಿಸಿವೆ. ಅದರಲ್ಲಿ ಐದು ಗುಂಪು, ಪ್ರತಿ ಗುಂಪಿನಲ್ಲಿ 23.6 ಸೆಕೆಂಡಿನ 100 ತುಣುಕುಗಳು. ಮೊದಲ ಗುಂಪು ಆರೋಗ್ಯವಂತರದು, ಕೊನೆಯದು ಮೂರ್ಛೆ ಬಂದಾಗಿನದು. ಇವೆರಡನ್ನು ಬೇರ್ಪಡಿಸಿ ಶೇ. 100 ಸಾಧಿಸಿದೆವು ಎನ್ನುವವರು ಒಂದು ಸಂಗತಿಯನ್ನು ಓದುಗನಿಗೆ ಹೇಳುವುದೇ ಇಲ್ಲ. ಆರೋಗ್ಯವಂತರ ದಾಖಲೆ ನೆತ್ತಿಯ ಮೇಲಿನಿಂದ ತೆಗೆದದ್ದು, ರೋಗಿಗಳದು ತಲೆಬುರುಡೆಯ ಒಳಗಿಟ್ಟ ವಿದ್ಯುದಗ್ರಗಳಿಂದ ತೆಗೆದದ್ದು! ಗಣಕ ಬೇರ್ಪಡಿಸಿದ್ದು ರೋಗವನ್ನೋ, ವಿದ್ಯುದಗ್ರದ ಜಾಗವನ್ನೋ? ಸಂಗ್ರಹವನ್ನು ತಯಾರಿಸಿದವರು ಇದನ್ನು ಮುಚ್ಚಿಟ್ಟಿಲ್ಲ. ಮೂಲವನ್ನು ಓದದೆ ದತ್ತಾಂಶವನ್ನು ಮಾತ್ರ ಇಳಿಸಿಕೊಂಡವರ ತಪ್ಪು ಇದು.

ಮಿದುಳಿನ ಸಂಕೇತದ ಮಿತಿಯನ್ನು ಅರಿಯಲು ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಮೂರ್ಛೆ ಮೈಸೂರು, ಮಂಡ್ಯ ಸೀಮೆಯಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಮೂರ್ಛೆ ಬಾರದ ವೇಳೆಯಲ್ಲಿ ಇವರಲ್ಲಿ ಹೆಚ್ಚಿನವರ ಇಇಜಿ ಸಹಜವಾಗಿಯೇ ಇರುತ್ತದೆ. ರೋಗ ಗೊತ್ತಾಗುವುದು ‘ಯಾವಾಗ ಬಂತು, ನೀರು ಎಷ್ಟು ಬಿಸಿ ಇತ್ತು, ತಲೆಗೆ ಹೊಯ್ದುಕೊಂಡಿರೋ’ ಎಂದು ಕೇಳಿದಾಗ. ಚಿಕಿತ್ಸೆಯೂ ಹಲವರಿಗೆ ಸರಳ: ನೀರಿನ ಬಿಸಿ ತಗ್ಗಿಸುವುದು, ಅಗತ್ಯವಿದ್ದರೆ ವೈದ್ಯರ ಸಲಹೆಯಂತೆ ಸ್ನಾನಕ್ಕೆ ಮುಂಚೆ ಕ್ಲೋಬಜಾಮ್ ಮಾತ್ರೆ. ಬಾನ್‌ನ ತುಣುಕುಗಳಲ್ಲಿ ಪಳಗಿದ ಯಂತ್ರದ ಮುಂದೆ ಈ ರೋಗಿಯನ್ನು ಕೂರಿಸಿದರೆ ಅದು ‘ಆರೋಗ್ಯವಂತ’ ಎಂದೇ ಹೇಳೀತು.

ಸರಿಯಾದ ಮಾದರಿಯೂ ನಮ್ಮಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 49 ವರ್ಷ ಮೀರಿದ 244 ಮಂದಿಗೆ ಪರದೆಯ ಮೇಲೆ ಪಟ್ಟೆಗಳನ್ನು ತೋರಿಸಿ, ಮಿದುಳಿನಲ್ಲಿ ಏಳುವ ಗಾಮಾ ಅಲೆಗಳನ್ನು ಅಳೆದರು. 227 ಮಂದಿ ಆರೋಗ್ಯವಂತರು, 12 ಮಂದಿಗೆ ಅಲ್ಪ ಪ್ರಮಾಣದ ಮರೆವಿನ ದೋಷ, 5 ಮಂದಿಗೆ ಆಲ್ಜೈಮರ್ ಕಾಯಿಲೆ. ರೋಗಿಗಳಲ್ಲಿ ಗಾಮಾ ಅಲೆಗಳು ದುರ್ಬಲವಾಗಿದ್ದವು. ಪ್ರತಿ ರೋಗಿಯನ್ನೂ ಅದೇ ವಯಸ್ಸಿನ, ಅದೇ ಲಿಂಗದ ಆರೋಗ್ಯವಂತರೊಡನೆ ಹೋಲಿಸಿದರು. ವಯಸ್ಸಾದಂತೆ ಈ ಅಲೆಗಳು ತಾವಾಗಿಯೇ ಕುಗ್ಗುವುದರಿಂದ ಈ ಎಚ್ಚರ ಬೇಕೇ ಬೇಕು. ಆದರೂ ರೋಗಿಗಳು ಒಟ್ಟು 17. ಇದು ದಾರಿ ತೋರಿಸುವ ಫಲಿತಾಂಶವೇ ಹೊರತು, ನಾಳೆ ಶಿರಹಟ್ಟಿಯಲ್ಲಿ ಟೋಪಿ ತೊಡಿಸಿ ರೋಗ ಹೇಳಿಬಿಡುವ ವಿದ್ಯೆಯಲ್ಲ.

ಯಂತ್ರಾಂಶದ ವಿಷಯವನ್ನೂ ಬಿಡುವಂತಿಲ್ಲ. ಎಡಿ 8232 ಎಂಬ ಅಗ್ಗದ ಚಿಪ್ ಇರುವ ಹಲಗೆಯನ್ನು ಕೊಂಡು, ಮೂರು ವಿದ್ಯುದಗ್ರ ಅಂಟಿಸಿ, ‘ಹೃದಯಾಘಾತ ಸೂಚಕ’ ಎಂದು ವಿಜ್ಞಾನ ಮೇಳದಲ್ಲಿ ಇಡುವುದುಂಟು. ಬಡಿತ ಎಣಿಸಲು, ಅಲೆಯ ಆಕಾರ ತೋರಿಸಲು ಇದು ಸೊಗಸಾದ ಸಾಧನ. ಹೃದಯಾಘಾತಕ್ಕೆ ಮಾತ್ರ ಸಲ್ಲದು. ಆಘಾತದ ಮುಖ್ಯ ಗುರುತು ಎಸ್‌ಟಿ ಭಾಗ ತನ್ನ ಮಟ್ಟದಿಂದ ಮೇಲೇಳುವುದು. ಕೇವಲ 1 ಮಿ.ಮೀ., ಅಂದರೆ 0.1 ಮಿಲಿವೋಲ್ಟ್ ಏರಿಕೆಯೂ ಅರ್ಥಪೂರ್ಣ. ಈ ಹಲಗೆಗಳು ಸಾಮಾನ್ಯವಾಗಿ 0.5ರಿಂದ 40 ಹರ್ಟ್ಸ್‌ವರೆಗಿನ ಸಂಕೇತವನ್ನಷ್ಟೇ ಉಳಿಸಿಕೊಳ್ಳುತ್ತವೆ. ರೋಗನಿದಾನದ ಇಸಿಜಿಗೆ ಕೆಳಗಿನ ಮಿತಿ 0.05 ಹರ್ಟ್ಸ್ ಇರಬೇಕೆಂಬುದು ವಾಡಿಕೆ. ಈ ಹತ್ತು ಪಟ್ಟು ವ್ಯತ್ಯಾಸದಿಂದ ಎಸ್‌ಟಿ ಭಾಗ ಸುಳ್ಳಾಗಿ ಏರಬಹುದು, ಇಳಿಯಬಹುದು. ಮೇಲಾಗಿ ಹತ್ತು ವಿದ್ಯುದಗ್ರಗಳಿಂದ ಹನ್ನೆರಡು ದಿಕ್ಕಿನ ನೋಟ ಪಡೆಯುವ ಕಡೆ ಇಲ್ಲಿ ಒಂದೇ ನೋಟ. ಹೃದಯದ ಹಿಂಬದಿಯ ಗೋಡೆ ಸಾಯುತ್ತಿದ್ದರೂ ಇದಕ್ಕೆ ಕಾಣಲಿಕ್ಕಿಲ್ಲ.

ಹಾಗಾದರೆ ಸಂಕೇತ ಸಂಶೋಧನೆಯಿಂದ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. ಡಾ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದಕ್ಕೆ ಸಾಕ್ಷಿ. ರಾಜ್ಯ ಸರಕಾರ ಜಯದೇವ ಹೃದ್ರೋಗ ಸಂಸ್ಥೆಯೊಡನೆ ರೂಪಿಸಿದ ಈ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳುಹಿಸಿದರೆ, ಗಣಕದ ನೆರವಿನಿಂದ ಅದನ್ನು ಕೆಲವೇ ನಿಮಿಷಗಳಲ್ಲಿ ಓದಲಾಗುತ್ತದೆ. ಆಘಾತವೆಂದು ತಿಳಿದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಎಲ್ಲಾ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ 2025ರಲ್ಲಿ ಸರಕಾರ ಪ್ರಕಟಿಸಿತು. ಇಲ್ಲಿ ಪತ್ತೆ ಮತ್ತು ಚಿಕಿತ್ಸೆ ಒಂದಕ್ಕೊಂದು ಅಂಟಿಕೊಂಡಿವೆ, ಅದೇ ಇದರ ಶಕ್ತಿ. ಇದನ್ನು ಅಳೆಯುವಾಗಲೂ ಎಷ್ಟು ಇಸಿಜಿ ಓದಿದರು ಎನ್ನುವುದಕ್ಕಿಂತ, ರೋಗಿ ಬಾಗಿಲಿಗೆ ಬಂದು ಎಷ್ಟು ನಿಮಿಷಕ್ಕೆ ಸೂಜಿ ಚುಚ್ಚಿದರು, ಎಷ್ಟು ಆಘಾತಗಳು ಕಣ್ತಪ್ಪಿದವು ಎಂಬುದನ್ನು ಕೇಳಬೇಕು.

ಗದಗ ಜಿಲ್ಲೆಗೆ ಒಂದು ಅನುಕೂಲವಿದೆ. ಗದಗಿನಲ್ಲಿ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದಲ್ಲಿ ಅಗಡಿ ಇಂಜಿನಿಯರಿಂಗ್ ಕಾಲೇಜು ಇವೆ. 2015ರಲ್ಲಿ ಆರಂಭವಾದ ಗದಗ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇಲ್ಲೇ ಇದೆ. ಸಂಕೇತದ ಗಣಿತ ಬಲ್ಲವರೂ ರೋಗಿಗಳನ್ನು ನೋಡುವವರೂ ಬಸ್ಸಿನ ದೂರದಲ್ಲಿದ್ದಾರೆ. ಬಾಸ್ಟನ್ನಿನ ಹೃದಯಗಳಿಂದ ಕಲಿತ ಪ್ರೋಗ್ರಾಂ ಈ ಎರೆಭೂಮಿಯ ಕೃಷಿಕಾರ್ಮಿಕರ, ಬೆಟಗೇರಿಯ ನೇಕಾರರ ಹೃದಯಗಳನ್ನು ಹೇಗೆ ಓದುತ್ತದೆ ಎಂಬುದೇ ಒಂದು ಒಳ್ಳೆಯ ಪ್ರಾಜೆಕ್ಟ್. ಅದರಲ್ಲಿ ಶೇ. 80 ಬಂದರೂ ಅದು ನಮ್ಮ ಜ್ಞಾನಕ್ಕೆ ಸೇರಿದ ಹೊಸ ಅಂಕಿ.

ಎಷ್ಟು ರೋಗಿಗಳು ಬೇಕು? ಇದಕ್ಕೊಂದು ಸುಲಭ ಸೂತ್ರವುಂಟು. ಪರೀಕ್ಷಿಸಿದ ರೋಗಿಗಳಲ್ಲಿ ಒಬ್ಬರೂ ತಪ್ಪದಿದ್ದರೆ, 3ನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ. ನಿಜವಾದ ತಪ್ಪಿನ ಪ್ರಮಾಣ ಅಷ್ಟರವರೆಗೂ ಇದ್ದಿರಬಹುದು. 20 ರೋಗಿಗಳಲ್ಲಿ ಇಪ್ಪತ್ತನ್ನೂ ಹಿಡಿದ ಯಂತ್ರ ನೂರರಲ್ಲಿ 15 ಮಂದಿಯನ್ನು ಬಿಟ್ಟುಬಿಡುವಂಥದ್ದೂ ಆಗಿರಬಹುದು. ಶೇ. 99 ಎಂದು ಧೈರ್ಯವಾಗಿ ಹೇಳಲು 300 ರೋಗಿಗಳು ಬೇಕು, ಒಬ್ಬರೂ ತಪ್ಪಬಾರದು. ಬಡಿತಗಳಲ್ಲ, ರೋಗಿಗಳು.

ಮೌಖಿಕ ಪರೀಕ್ಷೆಗೆ ಕೂರುವ ಶಿಕ್ಷಕರು ಪ್ರೋಗ್ರಾಮಿನ ಬಗ್ಗೆ ಕೇಳುವ ಮೊದಲು ‘ಕಲಿಕೆಯಲ್ಲಿದ್ದ ರೋಗಿ ಪರೀಕ್ಷೆಯಲ್ಲೂ ಇದ್ದನೇ?’ ಎಂದು ಕೇಳಲಿ. ಸ್ಥಳೀಯ ದಾಖಲೆ ಸಂಗ್ರಹಿಸಲು ಹೊರಡುವ ವಿದ್ಯಾರ್ಥಿಗಳು ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯನ್ನೂ ರೋಗಿಯ ಒಪ್ಪಿಗೆಯನ್ನೂ ಮೊದಲೇ ಪಡೆಯಬೇಕು, ಹೆಸರು ಮತ್ತು ಆಸ್ಪತ್ರೆಯ ಸಂಖ್ಯೆಯನ್ನು ತೆಗೆದುಹಾಕಬೇಕು. ಇಸಿಜಿ ಕಾಗದ ಶಾಖಕ್ಕೆ ಕಪ್ಪಾಗುವ ಬಗೆಯದು. ಬಿಸಿಲಿಗೆ ಇಟ್ಟರೆ, ಪ್ಲಾಸ್ಟಿಕ್ ಲಕೋಟೆಯಲ್ಲಿ ತುರುಕಿದರೆ ಕೆಲವೇ ವರ್ಷಗಳಲ್ಲಿ ಗೆರೆ ಮಾಸಿಹೋಗುತ್ತದೆ. ಆದ್ದರಿಂದ ತೆಗೆದ ದಿನವೇ ಸ್ಕ್ಯಾನ್ ಮಾಡಿ, ಪಟ್ಟಿಯ ವೇಗ ಸೆಕೆಂಡಿಗೆ 25 ಮಿ.ಮೀ. ಹೌದೋ ಅಲ್ಲವೋ, 1 ಮಿಲಿವೋಲ್ಟ್‌ಗೆ 10 ಮಿ.ಮೀ. ಎತ್ತರ ಇದೆಯೋ, ಯಾವ ಸೋಸುಕ ಚಾಲೂ ಇತ್ತು ಎಂಬುದನ್ನು ಪಕ್ಕದಲ್ಲೇ ಬರೆದಿಡಿ.