ಅಳತೆಗೋಲಿನ ವಿಚಾರ: ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳ ದೇವಾಲಯಗಳು

ಜೇಮ್ಸ್ ಫರ್ಗುಸನ್ ಮಹಾಶಯರು 1876ರಲ್ಲಿ ಪ್ರಕಟಿಸಿದ ತಮ್ಮ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೆಯಬೀಡಿನ ದೇವಾಲಯವನ್ನು ಅಥೆನ್ಸಿನ ಪಾರ್ಥೆನಾನ್ ಮಂದಿರದೊಡನೆ ಹೋಲಿಸಿ, ಇವೆರಡೂ ಆ ಕಲೆಯ ಎರಡು ತುದಿಗಳೆಂದು ನಿರ್ಣಯಿಸಿದರು. ಸಂಯಮದ ಪರಮಾವಧಿ ಅಲ್ಲಿ, ಸಮೃದ್ಧಿಯ ಪರಮಾವಧಿ ಇಲ್ಲಿ ಎಂಬುದು ಅದರ ತಾತ್ಪರ್ಯ. ಮಾತು ಸೊಗಸಾದುದೇ. ಆದರೆ ಅಂದಿನಿಂದ ಹೊಯ್ಸಳ ಶಿಲ್ಪವೆಂದರೆ ಕೆತ್ತನೆಯ ಸಮೃದ್ಧಿಯೆಂದೇ ರೂಢಿಯಾಗಿ, ಗೋಡೆಯ ಮೇಲೆ ಎಷ್ಟು ವಿಗ್ರಹಗಳಿವೆಯೆಂಬ ಎಣಿಕೆಯಿಂದಲೇ ದೇವಾಲಯದ ಯೋಗ್ಯತೆಯನ್ನು ಅಳೆಯುವ ಪದ್ಧತಿ ನಮ್ಮಲ್ಲಿಯೂ ಬೇರೂರಿತು. 2023ರಲ್ಲಿ ಬೇಲೂರು, ಹಳೆಯಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಕನ್ನಡಿಗರಿಗೆ ಹರ್ಷದ ಸಂಗತಿಯೇ ಸರಿ. ಆದರೂ ಆ ಮೂರನ್ನು ಬಿಟ್ಟರೆ ಉಳಿದವು ಅವುಗಳ ನೆರಳೆಂಬ ಭಾವನೆ ಅದರಿಂದ ಇನ್ನಷ್ಟು ಬಲಿತಿದೆ. ಈ ಭಾವನೆಯನ್ನು ಪರೀಕ್ಷಿಸಲು ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಟು ಎರಡು ದಿನ ಸುತ್ತಿದರೆ ಸಾಕು.

ಶ್ರೀರಂಗಪಟ್ಟಣದಲ್ಲಿಯೇ ನಿಂತುಬಿಡುವ ಪ್ರವಾಸಿಗಳೇ ಹೆಚ್ಚು. ಶ್ರೀರಂಗನಾಥನ ಗುಡಿಯನ್ನೂ 1784ರ ದರಿಯಾ ದೌಲತ್ತಿನ ಭಿತ್ತಿಚಿತ್ರಗಳನ್ನೂ ಕುರಿತು ಬೇಕಾದಷ್ಟು ಬರಹವಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ರೂಢಿಯ ಅಳತೆಗೋಲಿನಿಂದ ಅಳೆದರೂ ಅದು ಸೋಲುವುದಿಲ್ಲ. ಇದು ತ್ರಿಕೂಟ; ನಡುವಣ ಗರ್ಭಗುಡಿಗೆ ಮಾತ್ರ ಶಿಖರ. ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂಬ ಪಟ್ಟಿಕೆಗಳು ತಳದಲ್ಲಿ ಸುತ್ತುವರಿದಿವೆ. ಕಟ್ಟಿಸಿದವರಾರು, ಯಾವ ವರ್ಷ ಎಂದು ಹೇಳುವ ಶಾಸನ ಇಲ್ಲದುದರಿಂದ ಶೈಲಿಯನ್ನು ನೋಡಿ ಕ್ರಿ. ಶ. 1250ರ ಸುಮಾರೆಂದು ವಿದ್ವಾಂಸರು ಊಹಿಸುತ್ತಾರೆ. ಶಾಸನವಿಲ್ಲದ ಗುಡಿಗೆ ಕಥೆಯಿಲ್ಲ, ಕಥೆಯಿಲ್ಲದ ಗುಡಿಗೆ ಪ್ರವಾಸಿಯಿಲ್ಲ. ಹೊಸಹೊಳಲಿನ ಅನಾದರಕ್ಕೆ ಇದೊಂದು ಕಾರಣವೆಂದು ನನ್ನ ಊಹೆ.

ಅಲ್ಲಿಂದ ಗೋವಿಂದನಹಳ್ಳಿಗೆ ಬಂದರೆ ಅಳತೆಗೋಲು ಮುರಿಯುತ್ತದೆ. ಹದಿಮೂರನೆಯ ಶತಮಾನದ ಈ ಪಂಚಲಿಂಗೇಶ್ವರ ದೇವಾಲಯದಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ, ಒಂದೊಂದಕ್ಕೂ ಒಂದೊಂದು ಶಿಖರದೊಡನೆ ನಿಂತಿವೆ. ಹಳೆಯಬೀಡಿನ ಪಟ್ಟಿಕೆಗಳ ವೈಭವವನ್ನು ಇಲ್ಲಿ ಹುಡುಕುವವನು ನಿರಾಶನಾಗಿ ಹಿಂದಿರುಗುವನು. ಆದರೆ ತುಸು ದೂರ ಸರಿದು ನಿಂತು ನೋಡಬೇಕು: ಒಂದೇ ಆಕೃತಿ ಐದು ಸಲ ಮರಳಿ ಬರುವುದರಿಂದ ಹುಟ್ಟುವ ಲಯವೇ ಈ ಕೃತಿಯ ಜೀವಾಳ. ಬಿಡಿ ವಿಗ್ರಹಗಳನ್ನು ಎಣಿಸುವ ಕಣ್ಣಿಗೆ ಅದು ಬೀಳುವುದೇ ಇಲ್ಲ. ಸೋಮನಾಥಪುರದಲ್ಲಿ ಹೆಸರು ಕೆತ್ತಿದ ರೂವಾರಿ ಮಲ್ಲಿತಮ್ಮನ ಹೆಸರು ಇಲ್ಲಿಯೂ ದೊರೆಯುತ್ತದೆ. ಆ ಕೈಗೆ ಅಲಂಕಾರ ತಿಳಿಯದೆ ಇರಲಿಲ್ಲ. ಆದುದರಿಂದ ಇಲ್ಲಿಯ ಮಿತಿಯನ್ನು ಅಶಕ್ತಿಯೆಂದು ಬಗೆಯುವುದು ವಿಮರ್ಶೆಯಲ್ಲ.

ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವು ಬಮ್ಮವೆ ನಾಯಕಿತಿ ಎಂಬಾಕೆ 1171ರಲ್ಲಿ ಮಾಡಿಸಿದ ಏಕಕೂಟ. ಕವಿ ಕೆ. ಎಸ್. ನರಸಿಂಹಸ್ವಾಮಿಯವರ ಹುಟ್ಟೂರೆಂದು ಈ ಊರನ್ನು ಬಲ್ಲವರು ಬಹಳ. ಬಮ್ಮವೆಯನ್ನು ಬಲ್ಲವರು ವಿರಳ.

ನಾಗಮಂಗಲದ ಸೀಮೆಯಲ್ಲಿ ಸೌಮ್ಯಕೇಶವನ ಗುಡಿಗಿಂತಲೂ ಹೆಚ್ಚು ವಿಚಾರಾರ್ಹವಾದುದು ಕಂಬದಹಳ್ಳಿಯ ಪಂಚಕೂಟ ಬಸದಿ. ಇದು ಹೊಯ್ಸಳರಿಗಿಂತ ಹಿಂದಿನದು, ಗಂಗರ ಕಾಲದ ಕೆಲಸ. ಒಂದೇ ಮಂಟಪಕ್ಕೆ ಸೇರಿದ ಮೂರು ಗರ್ಭಗೃಹಗಳ ಮೇಲೆ ಚೌಕ, ಎಂಟು ಮೂಲೆ, ದುಂಡು ಎಂಬ ಮೂರು ಬಗೆಯ ಶಿಖರಗಳನ್ನು ಶಿಲ್ಪಿ ಇಟ್ಟಿದ್ದಾನೆ. ನಾಗರ, ದ್ರಾವಿಡ, ವೇಸರ ಎಂಬ ಮಾತುಗಳನ್ನು ನಾವು ಈಗ ಉತ್ತರದೇಶ, ದಕ್ಷಿಣದೇಶ, ಎರಡರ ಬೆರಕೆ ಎಂಬರ್ಥದಲ್ಲಿ ಬಳಸುತ್ತೇವೆ. ದಕ್ಷಿಣದ ಶಿಲ್ಪಶಾಸ್ತ್ರಗಳಲ್ಲಿಯಾದರೋ ಅವು ಈ ಮೂರು ಆಕಾರಗಳ ಹೆಸರುಗಳು. ಗ್ರಂಥದಲ್ಲಿ ತೊಡಕಾಗಿ ಕಾಣುವ ಈ ಲಕ್ಷಣವನ್ನು ಕಂಬದಹಳ್ಳಿ ಕಣ್ಣೆದುರಿಗೆ ಬಿಡಿಸಿಟ್ಟಿದೆ. ವಿದ್ಯಾರ್ಥಿಗಳನ್ನು ಮೊದಲು ಇಲ್ಲಿಗೆ ಕರೆತಂದು ಆಮೇಲೆ ಬೇಲೂರಿಗೆ ಒಯ್ಯುವುದು ಲೇಸು.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಕನ್ನಂಬಾಡಿಯದು. 1911ರಲ್ಲಿ ಕೆಲಸ ಮೊದಲಾದ ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಅದರ ವೇಣುಗೋಪಾಲಸ್ವಾಮಿಯ ಗುಡಿಯೂ ಮುಳುಗಿದವು; ಬರಗಾಲದ ವರ್ಷಗಳಲ್ಲಿ ಗುಡಿ ತಲೆಯೆತ್ತಿ ಕಾಣುತ್ತಿತ್ತು. ಅದರ ಕಲ್ಲುಗಳನ್ನು ಬಿಚ್ಚಿ ತಂದು ದಂಡೆಯ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿ ಕಟ್ಟಲಾಗಿದೆ. ಇದು ಹಳೆಯ ದೇವಾಲಯವೇ, ಹೊಸದೇ? ಜಪಾನಿನ ಇಸೆ ಕ್ಷೇತ್ರದಲ್ಲಿ ದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಕಟ್ಟುತ್ತಾರೆ. 2013ರಲ್ಲಿ ನಡೆದುದು 62ನೆಯ ಸಲ. ಮರ ಹೊಸದು, ನೆಲವೂ ವಿಧಾನವೂ ಹಳೆಯವು. ಅದೇ ದೇಶದ ನಾರಾ ಪಟ್ಟಣದ ಬಳಿ ಹೋರ್ಯೂಜಿಯ ಬೌದ್ಧಮಂದಿರವು ಸಾವಿರದಿನ್ನೂರು ವರ್ಷಗಳಿಗೂ ಮಿಕ್ಕ ಮರವನ್ನೇ ಕಾಪಾಡಿಕೊಂಡಿದೆ. 1994ರಲ್ಲಿ ನಾರಾದಲ್ಲಿಯೇ ಕೂಡಿದ ತಜ್ಞರು, ಸ್ಮಾರಕದ ನೈಜತೆಯನ್ನು ಆಯಾ ಸಂಸ್ಕೃತಿಯ ದೃಷ್ಟಿಯಿಂದ ನಿರ್ಣಯಿಸಬೇಕೆಂದು ಒಪ್ಪಿದರು. (ಕನ್ನಂಬಾಡಿ ಕಟ್ಟೆಗೆ ಹೆಸರಾದ ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನನ್ನು ಸುತ್ತಿ ಬಂದವರು, ಆದರೆ ಅವರ ಆಸಕ್ತಿ ಅಲ್ಲಿಯ ಕೈಗಾರಿಕೆಯ ಕಡೆಗೆ.)

ಕನ್ನಂಬಾಡಿಯ ಸ್ಥಿತಿ ಇಸೆಗೆ ನೇರ ವಿರುದ್ಧ: ಕಲ್ಲು ಹಳೆಯದು, ನೆಲ ಹೊಸದು. ನಮ್ಮ ಆಗಮಗಳು ಭೂಪರೀಕ್ಷೆಯಿಂದಲೇ ಕರ್ಮವನ್ನು ಆರಂಭಿಸುವುದರಿಂದ ನೆಲದ ನಷ್ಟ ಅಲ್ಪವಲ್ಲ. ಆದರೆ ನೀರಿನಡಿಯಲ್ಲಿ ಪೂಜೆಯಿಲ್ಲದೆ ಸವೆಯುವ ಕಲ್ಲಿಗಿಂತ ಊರವರು ದೀಪ ಹಚ್ಚುವ ಕಲ್ಲು ಮೇಲೆಂದೇ ನಾನು ತೀರ್ಪು ಕೊಡುವೆನು. ಆಕ್ಷೇಪಿಸಬೇಕಾದುದು ಬೇರೊಂದಿದೆ. ಇಂಥ ಪುನರ್ನಿರ್ಮಾಣದಲ್ಲಿ ಹಳೆಯ ಕಲ್ಲು ಯಾವುದು, ಈಗಿನ ಕುಶಲಿಗಳು ಕಡೆದು ಸೇರಿಸಿದುದು ಯಾವುದು ಎಂದು ನೋಡುವವನಿಗೆ ಅಲ್ಲಿಯೇ ತಿಳಿಯುವಂತಿರಬೇಕು. ಗುಡಿಯ ತಳವಿನ್ಯಾಸವೊಂದನ್ನು ಕಲ್ಲಿನಲ್ಲಿ ಕೆತ್ತಿ, ಹೊಸ ಕಲ್ಲುಗಳನ್ನು ಗುರುತಿಸಿ, ಹಳೆಯ ನಿವೇಶನವು ನೀರಿನಲ್ಲಿ ಯಾವ ದಿಕ್ಕಿಗೆ ಎಷ್ಟು ದೂರವೆಂಬುದನ್ನು ಬರೆದು ಮಹಾದ್ವಾರದ ಬಳಿ ನಿಲ್ಲಿಸಿದರೆ ಆಯಿತು. ಹೊಯ್ಸಳರು ಹಾಕಿಸುತ್ತಿದ್ದ ಶಾಸನಕ್ಕೂ ಇದಕ್ಕೂ ವ್ಯತ್ಯಾಸ ಹೆಚ್ಚಿಲ್ಲ.