ತೊಣ್ಣೂರಿಗೆ ಬಂದ ನಿರಾಶ್ರಿತ

ಪಾಂಡವಪುರ ತಾಲೂಕಿನ ಕೆರೆ ತೊಣ್ಣೂರು ಮತ್ತು ಮೇಲುಕೋಟೆಗಳನ್ನು ನಾವು ಪುಣ್ಯಕ್ಷೇತ್ರಗಳೆಂದು ಬಲ್ಲೆವು. ಅವು ಆಶ್ರಯ ಕೊಟ್ಟ ನೆಲಗಳೂ ಹೌದೆಂಬುದನ್ನು ಮರೆತಿದ್ದೇವೆ. ಶ್ರೀವೈಷ್ಣವ ಗುರುಪರಂಪರೆಯ ಕಥನಗಳ ಪ್ರಕಾರ, ಶಿವನಿಗಿಂತ ಮಿಗಿಲಾದ ದೈವವಿಲ್ಲವೆಂದು ಒಪ್ಪಿ ಸಹಿ ಹಾಕಬೇಕೆಂಬುದು ಚೋಳ ದೊರೆಯ ಆಜ್ಞೆ. ರಾಮಾನುಜರ ಉಡುಪು ಧರಿಸಿ ಶಿಷ್ಯ ಕೂರೇಶ ಆಸ್ಥಾನಕ್ಕೆ ಹೋಗಿ ಕಣ್ಣು ಕಳೆದುಕೊಂಡ. ಗುರು ವೇಷ ಮರೆಸಿಕೊಂಡು ಕಾಡುದಾರಿಯಲ್ಲಿ ಹೊಯ್ಸಳ ನಾಡಿಗೆ ಬಂದರು. ರಾಜ್ಯಾಧಿಕಾರದ ಕಿರುಕುಳಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೆ?

ಆದರೆ ಅದೇ ಕಥನಗಳು ಮುಂದೆ ಈ ಸಂಕಟವನ್ನು ಬದಿಗೆ ಸರಿಸುತ್ತವೆ. ರಾಮಾನುಜರು ರಾಜಕುಮಾರಿಗೆ ಹಿಡಿದಿದ್ದ ಗ್ರಹ ಬಿಡಿಸಿದರಂತೆ, ಸಾವಿರ ಜೈನರನ್ನು ಒಮ್ಮೆಗೇ ವಾದದಲ್ಲಿ ಸೋಲಿಸಿದರಂತೆ, ಬಿಟ್ಟಿದೇವ ವಿಷ್ಣುವರ್ಧನನಾದನಂತೆ. ಹೀಗೆ ಆಶ್ರಯವೆಂಬುದು ಪವಾಡಕ್ಕೆ ಸಂದ ಪ್ರತಿಫಲವಾಗುತ್ತದೆ. ಪವಾಡ ಮಾಡಲಾರದ ಬಡ ನಿರಾಶ್ರಿತನ ಗತಿಯೇನು? ಜೈನರನ್ನು ಗಾಣಕ್ಕೆ ಹಾಕಿಸಿದ ಕಥೆಯಂತೂ ಓಡಿ ಬಂದವನನ್ನೇ ಪೀಡಕನನ್ನಾಗಿಸುತ್ತದೆ. ಚರಿತ್ರೆ ಇದಕ್ಕೆ ಒಪ್ಪುವುದಿಲ್ಲ. ರಾಣಿ ಶಾಂತಲೆ ಕೊನೆಯವರೆಗೂ ಜೈನಳಾಗಿಯೇ ಉಳಿದಳು. 1133ರಲ್ಲಿ ಹಳೇಬೀಡಿನ ಬಸದಿಯ ದೇವರಿಗೆ ವಿಜಯ ಪಾರ್ಶ್ವನೆಂಬ ಹೆಸರಿಟ್ಟವನು ವಿಷ್ಣುವರ್ಧನನೇ.

ಈ ಅರ್ಜಿ ಇಂದಿನ ಅಧಿಕಾರಿಯ ಮೇಜಿಗೆ ಬಂದರೆ? ವೇಷ ಮರೆಸಿಕೊಂಡು ಬಂದಿದ್ದೇಕೆ? ಕಾಗದಪತ್ರ ಎಲ್ಲಿ? ಪೀಡಿಸಿದ ದೊರೆ ಯಾರು? ಕಥನಗಳು ಅವನನ್ನು ಕೃಮಿಕಂಠನೆನ್ನುತ್ತವೆ, ಒಂದನೇ ಕುಲೋತ್ತುಂಗನೆಂಬ ಊಹೆಯ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ. ನಂಬಲರ್ಹವಲ್ಲವೆಂದು ಅರ್ಜಿ ತಿರಸ್ಕೃತವಾಗುತ್ತದೆ. ಬ್ರಿಟನ್, ಕೆನಡಾಗಳಲ್ಲಾದರೆ ಸಾಮಾನ್ಯವಾಗಿ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರವೇ ಕೊನೆಯ ಮಾತಲ್ಲ.

ನಮ್ಮಲ್ಲಿ? ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆಶ್ರಯಕ್ಕೆಂದೇ ಕಾನೂನಿಲ್ಲ, ಆದ್ದರಿಂದ ಮೇಲ್ಮನವಿಯ ಮೆಟ್ಟಿಲೂ ಇಲ್ಲ. ಉಳಿದಿರುವುದು ಹೈಕೋರ್ಟು, ಸುಪ್ರೀಂ ಕೋರ್ಟುಗಳ ರಿಟ್ ಅರ್ಜಿ. 1996ರಲ್ಲಿ ಚಕ್ಮಾ ಜನರ ಜೀವ ರಕ್ಷಿಸುವುದು ರಾಜ್ಯದ ಹೊಣೆಯೆಂದು ಸುಪ್ರೀಂ ಕೋರ್ಟು ಹೇಳಿತು. ಜೀವದ ಹಕ್ಕನ್ನು ಕೊಡುವ 21ನೇ ವಿಧಿ ವಿದೇಶಿಯರಿಗೂ ಅನ್ವಯಿಸುತ್ತದೆ. ಆದರೆ 2021ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ ರೋಹಿಂಗ್ಯರಿಗೆ ಮಧ್ಯಂತರ ರಕ್ಷಣೆ ನಿರಾಕರಿಸಿತು. ನಿಗದಿತ ಕ್ರಮ ಅನುಸರಿಸದೆ ಗಡೀಪಾರು ಮಾಡಕೂಡದೆಂಬುದಷ್ಟೇ ಅವರಿಗೆ ದಕ್ಕಿದ ಸಮಾಧಾನ.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ದೇಶಗಳ ಆರು ಸಮುದಾಯಗಳಿಗೆ ಬಾಗಿಲು ತೆರೆದು ಮುಸ್ಲಿಮರನ್ನು ಹೊರಗಿಟ್ಟಿತು. ಇಲ್ಲಿ ತೊಣ್ಣೂರಿನ ಕಥೆ ನಮಗೆ ಪಾಠ ಹೇಳುತ್ತದೆ. ಶೈವ ದೊರೆ ವೈಷ್ಣವ ಗುರುವನ್ನು ಅಟ್ಟಿದ, ಇಂದಿನ ಲೆಕ್ಕದಲ್ಲಿ ಇಬ್ಬರೂ ಒಂದೇ ಧರ್ಮದವರು. ಧರ್ಮದ ಪಟ್ಟಿ ನೋಡಿ ಮರುಗುವ ಕಾನೂನಿಗೆ ಇಂತಹ ಸಂಕಟ ಕಾಣುವುದಿಲ್ಲ. ಪಾಕಿಸ್ತಾನದ ಅಹ್ಮದಿಯ ಸಂಕಟವೂ ಕಾಣುವುದಿಲ್ಲ.

ವಿಷ್ಣುವರ್ಧನ ಚೋಳರ ವೈರಿಯಾಗಿದ್ದ, ತಲಕಾಡನ್ನು ಅವರಿಂದ ಗೆದ್ದವನು. ಆಶ್ರಯದಲ್ಲಿ ರಾಜಕೀಯವೂ ಇದ್ದೀತು. ಇರಲಿ. ಬಂದವರ ಜೀವ ಉಳಿಯಿತು, ನಾಡು ಬೆಳೆಯಿತು. ಸುಲ್ತಾನನ ಮಗಳು ಬೀಬಿ ನಾಚಿಯಾರಳಿಗೂ ಮೇಲುಕೋಟೆಯ ದೇವರ ಬಳಿ ಸ್ಥಾನವುಂಟೆಂದು ಅಲ್ಲಿನ ಐತಿಹ್ಯ. ಆ ಸ್ಥಳಗಳ ಹಿರಿಮೆಯನ್ನು ಪವಾಡಕ್ಕಿಂತ ಮೊದಲು ಆಶ್ರಯದಲ್ಲಿ ಹುಡುಕುವ ಬರಹಗಾರರು ನಮಗೆ ಬೇಕು. ಅಲ್ಲ ಎನಿಸಿಕೊಂಡವನ ಮಾತನ್ನು ಇನ್ನೊಮ್ಮೆ ಕೇಳುವ ಕಾನೂನೂ ಬೇಕು.